ಇಟಲಿಯ ವೈನ್, ಜಾದವ್‌ಪುರದ ಲೆಕ್ಕ

ಕೊಲ್ಕತ್ತಾ: ಜಾದವ್‌ಪುರ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಅಲ್ಲಿನ ವಿಶ್ವವಿದ್ಯಾಲಯ. ಸ್ಥಳೀಯರಿಗೆ ಅದು 8ಬಿ ಬಸ್ ನಿಲ್ದಾಣದ ಜನಜಂಗುಳಿ. ಹಳಬರಿಗೆ ಮಾತ್ರ ಇದು ಕಾರ್ಖಾನೆಗಳ ಊರು. ಸುಲೇಖಾ ಶಾಯಿ, ಬೆಂಗಾಲ್ ಲ್ಯಾಂಪ್, ಪಕ್ಕದ ಪ್ರಿನ್ಸ್ ಅನ್ವರ್ ಷಾ ರಸ್ತೆಯಲ್ಲಿ ಉಷಾ ಹೊಲಿಗೆ ಯಂತ್ರ, ಹೀಗೆ ಸಾವಿರಾರು ಕುಟುಂಬಗಳ ಒಲೆ ಉರಿಸಿದ ಜಾಗ. ಉಷಾ ಕಾರ್ಖಾನೆಯ ಭೂಮಿಯಲ್ಲಿ 2008ರಲ್ಲಿ ಸೌತ್ ಸಿಟಿ ಮಾಲ್ ತೆರೆಯಿತು. ಪಾಳಿ ಮುಗಿಸಿದ ಕಾರ್ಮಿಕರು ಸಾಲುಗಟ್ಟಿ ಹೊರಬರುತ್ತಿದ್ದಲ್ಲಿ ಈಗ ಪಾಸ್ತಾ, ಪಿಜ್ಜಾ ತಿನ್ನುವವರ ಸಾಲು. ಊಟ ಇಟಲಿಯದಾದ ಮೇಲೆ ಜತೆಗೆ ಇಟಲಿಯ ವೈನನ್ನೂ ಕೇಳುವವರು ಬರುವುದು ಸಹಜ.

ಇಲ್ಲಿಂದ ಸ್ವಲ್ಪ ಉತ್ತರಕ್ಕೆ ಹೋದರೆ ಲೇಕ್ ಮಾರ್ಕೆಟ್. ದಕ್ಷಿಣ ಭಾರತೀಯರು ತಲೆಮಾರುಗಳಿಂದ ನೆಲೆಸಿರುವ ಪ್ರದೇಶ. ಹೋಟೆಲು, ಕಾಫಿಪುಡಿ ವ್ಯಾಪಾರಗಳ ಪರಿಚಯವಿರುವ ಮನೆಯ ಯುವಕನೊಬ್ಬ ಇಪ್ಪತ್ತು ಲಕ್ಷ ರೂಪಾಯಿ ಹೊಂದಿಸಿಕೊಂಡು, ಜಾದವ್‌ಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಇಟಲಿಯಿಂದ ವೈನ್ ತರಿಸಿ ಸರಬರಾಜು ಮಾಡಲು ಹೊರಟರೆ ಏನಾಗುತ್ತದೆ? ಉದ್ಯಮ ಹೊರಗಿನಿಂದ ಬಹಳ ಸೊಗಸಾಗಿ ಕಾಣುತ್ತದೆ. ಒಳಗಿನ ಲೆಕ್ಕವನ್ನೂ ನೋಡಬೇಕು.

ಇಟಲಿಯ ರುಚಿ ಈ ನಗರಕ್ಕೆ ಹೊಸದೇನಲ್ಲ. 1869ರಲ್ಲಿ ವೈಸ್‌ರಾಯ್ ಲಾರ್ಡ್ ಮೇಯೋ ಅವರ ಸಿಹಿತಿಂಡಿ ಬಾಣಸಿಗನಾಗಿ ಫೆಡೆರಿಕೊ ಪೆಲಿಟಿ ಎಂಬ ಇಟಲಿಯವನು ಬಂದ. 1872ರಲ್ಲಿ ಮೇಯೋ ಪೋರ್ಟ್ ಬ್ಲೇರ್‌ನಲ್ಲಿ ಹತ್ಯೆಯಾದರೂ ಪೆಲಿಟಿ ಊರಿಗೆ ಮರಳಲಿಲ್ಲ. ಸ್ವಂತ ಅಂಗಡಿ ತೆರೆದು ಕಲ್ಕತ್ತಾ, ಶಿಮ್ಲಾ ಎರಡೂ ಕಡೆ ಹೆಸರು ಮಾಡಿದ. ಆತ ಬಂದ ವರ್ಷವೇ ಸೂಯೆಜ್ ಕಾಲುವೆ ತೆರೆದು, ಆಫ್ರಿಕಾ ಸುತ್ತಿ ಬರುವ ಕಷ್ಟ ಹಡಗುಗಳಿಗೆ ತಪ್ಪಿತು. ವಿಚಿತ್ರವೆಂದರೆ 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಅನೇಕ ಕಂಪನಿಗಳು ಮತ್ತೆ ಆಫ್ರಿಕಾ ಸುತ್ತುವ ಹಳೆಯ ದಾರಿಯನ್ನೇ ಹಿಡಿದವು. ವಾರಗಟ್ಟಲೆ ವಿಳಂಬ, ಏರಿದ ಬಾಡಿಗೆ. ದೊಡ್ಡ ಆಮದುದಾರ ಇದನ್ನು ತಾಳಿಕೊಂಡಾನು. ವರ್ಷಕ್ಕೆ ಎರಡೇ ಬಾರಿ ಸರಕು ತರಿಸುವವನಿಗೆ ಒಂದು ಹಬ್ಬದ ವ್ಯಾಪಾರವೇ ಕೈತಪ್ಪುತ್ತದೆ.

ಪರವಾನಗಿಗಳ ವಿಷಯ ಚುಟುಕಾಗಿ ಹೇಳಬಹುದು. ಪ್ಯಾನ್ ಆಧಾರದ ಆಮದು-ರಫ್ತು ಸಂಖ್ಯೆ, ಎಫ್‌ಎಸ್‌ಎಸ್‌ಎಐ ಲೈಸೆನ್ಸ್, ರಾಜ್ಯ ಅಬಕಾರಿ ಇಲಾಖೆಯ ಅನುಮತಿ, ಪ್ರತಿಯೊಂದು ಬಗೆಯ ವೈನಿಗೂ ಪ್ರತ್ಯೇಕ ಲೇಬಲ್ ನೋಂದಣಿ. ಬಂಗಾಳದ ಅಬಕಾರಿ ಜಾಲತಾಣದ ಹೆಸರು 'ಇ-ಅಬ್ಗಾರಿ'. ಕನ್ನಡಿಗರು ಅಬಕಾರಿ ಎನ್ನುವ ಪದವೇ ಅದು, ಆ ಮಟ್ಟಿಗೆ ಅಪರಿಚಿತವೆನಿಸದು. 2019ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಆಹಾರ ಸುರಕ್ಷತಾ ನಿಯಮದಂತೆ ಬಾಟಲಿಯ ಮೇಲೆ ಮದ್ಯಪಾನ ಆರೋಗ್ಯಕ್ಕೆ ಹಾನಿಕರ ಎಂಬ ಎಚ್ಚರಿಕೆಯೂ ಇರಬೇಕು. ಲೇಬಲ್ ನೋಂದಣಿಯ ಶುಲ್ಕ ಹತ್ತು ಬಾಟಲಿ ಮಾರಿದರೂ ಅಷ್ಟೇ, ಹತ್ತು ಸಾವಿರ ಮಾರಿದರೂ ಅಷ್ಟೇ. ಆದ್ದರಿಂದ ಆರಂಭದಲ್ಲೇ ಇಪ್ಪತ್ತು ಬಗೆಯ ವೈನ್ ಪಟ್ಟಿ ಮಾಡುವುದು ಅವಿವೇಕ. ನಾಲ್ಕು ಸಾಕು.

ನಿಜವಾದ ಪರೀಕ್ಷೆ ಸುಂಕದ್ದು. ಆಮದು ವೈನಿಗೆ ಕಸ್ಟಮ್ಸ್ ಸುಂಕ ಶೇ. 150. 2021ರ ಬಜೆಟ್‌ನಲ್ಲಿ ಮೂಲ ಸುಂಕ ಶೇ. 50ಕ್ಕೆ ಇಳಿಯಿತೆಂದು ಓದಿ ಹಿಗ್ಗಿದವರಿದ್ದರು. ಆದರೆ ಅದರ ಬೆನ್ನಿಗೇ ಶೇ. 100ರ ಕೃಷಿ ಮೂಲಸೌಕರ್ಯ ಸೆಸ್ ಸೇರಿತು. ಒಟ್ಟು ಮೊತ್ತ ಇದ್ದಲ್ಲೇ ನಿಂತಿತು.

ಒಂದು ಉದಾಹರಣೆ. ಟಸ್ಕನಿಯ ಸಣ್ಣ ಉತ್ಪಾದಕನಿಂದ ಬಾಟಲಿಗೆ 5 ಯೂರೋದಂತೆ ವೈನ್ ಕೊಂಡರೆ, ಸುಲಭ ಲೆಕ್ಕಕ್ಕೆ ಯೂರೋ ನೂರು ರೂಪಾಯಿ ಎಂದು ಹಿಡಿದು, 500 ರೂ. ಹಡಗು ಬಾಡಿಗೆ, ವಿಮೆ ಸೇರಿ 600 ಆಯಿತೆನ್ನೋಣ. ಸುಂಕ ಬೀಳುವುದು ಈ 600ರ ಮೇಲೆ, ಅಂದರೆ 900 ರೂ. ಬಂದರು ದಾಟುವಾಗ ಬಾಟಲಿಯ ಬೆಲೆ 1,500. ಹನ್ನೆರಡು ಬಾಟಲಿಗಳ ನೂರು ಪೆಟ್ಟಿಗೆ ತರಿಸಿದರೆ 18 ಲಕ್ಷ, ಅದರಲ್ಲಿ 10 ಲಕ್ಷ 80 ಸಾವಿರ ಬರೀ ಸುಂಕ! ರಾಜ್ಯದ ಅಬಕಾರಿ ತೆರಿಗೆ, ಅಂಗಡಿಯವನ ಲಾಭ ಇನ್ನೂ ಇದರ ಮೇಲೆ ಕೂರಬೇಕು. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿದೆ. ಹೀಗಾಗಿ ಗೋದಾಮು ಬಾಡಿಗೆಗೆ, ಕಸ್ಟಮ್ಸ್ ಏಜೆಂಟನ ಬಿಲ್ಲಿಗೆ ಕಟ್ಟಿದ ಜಿಎಸ್‌ಟಿಯನ್ನು ಬೇರೆ ವ್ಯಾಪಾರಿಗಳಂತೆ ಮುಜರಾ ಮಾಡಿಕೊಳ್ಳುವಂತಿಲ್ಲ. ಅದೂ ವೆಚ್ಚಕ್ಕೇ ಸೇರುತ್ತದೆ. ಇಪ್ಪತ್ತು ಲಕ್ಷದಲ್ಲಿ ಉಳಿಯುವುದೇನು?

ಸಣ್ಣವನನ್ನು ಇಲ್ಲಿ ಕಾಪಾಡುವುದು ಬಾಂಡೆಡ್ ಗೋದಾಮು. ಸರಕನ್ನು ಸುಂಕ ಕಟ್ಟದೆ ಕಸ್ಟಮ್ಸ್ ನಿಗಾದಲ್ಲಿ ಇರಿಸಿ, ಬೇಡಿಕೆ ಬಂದಂತೆ ಹತ್ತು ಪೆಟ್ಟಿಗೆ, ಇಪ್ಪತ್ತು ಪೆಟ್ಟಿಗೆ ಸುಂಕ ಕಟ್ಟಿ ಬಿಡಿಸಿಕೊಳ್ಳಬಹುದು. ಸಾಮಾನ್ಯವಾಗಿ ಒಂದು ವರ್ಷ ಅವಕಾಶವಿದೆ. ಆದರೆ ಮೊದಲ 90 ದಿನ ಕಳೆದ ಮೇಲೆ ಸುಂಕದ ಮೇಲೆ ಬಡ್ಡಿ ಓಡತೊಡಗುತ್ತದೆ. ಈ 90 ದಿನವನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತಿಸದವರು ಈ ವ್ಯಾಪಾರಕ್ಕೆ ಇಳಿಯದಿರುವುದೇ ಲೇಸು. ಇನ್ನೊಂದು ಸಂಗತಿ: ಇಟಲಿಯ ಸಣ್ಣ ಉತ್ಪಾದಕರು ಹೊಸ ಗಿರಾಕಿಯಿಂದ ಮುಂಗಡ ಕೇಳಿಯಾರು. ಮುಂಗಡ ಕಳಿಸಿದವರು ಸರಕು ಬಂದದ್ದಕ್ಕೆ ಬಿಲ್ ಆಫ್ ಎಂಟ್ರಿಯನ್ನು ಬ್ಯಾಂಕಿನಲ್ಲಿ ತಾಳೆ ಹಾಕಿಸಲೇಬೇಕು. ಅದನ್ನು ಮರೆತರೆ ಮುಂದಿನ ರವಾನೆಗೆ ಅಡ್ಡಿ ಬರುತ್ತದೆ.

ಇಷ್ಟೆಲ್ಲ ಆದರೂ ಬಾಟಲಿ ಜಾದವ್‌ಪುರಕ್ಕೆ ಬರುವುದೇ ಇಲ್ಲ. ಬಂದರಿನಿಂದ ಬಾಂಡೆಡ್ ಗೋದಾಮಿಗೆ, ಅಲ್ಲಿಂದ ಸರ್ಕಾರಿ ನಿಗಮಕ್ಕೆ. 2017ರಿಂದ ಪಶ್ಚಿಮ ಬಂಗಾಳದಲ್ಲಿ ಮದ್ಯದ ಸಗಟು ವ್ಯಾಪಾರ ರಾಜ್ಯ ಪಾನೀಯ ನಿಗಮದ ಕೈಯಲ್ಲಿದೆ. ಕರ್ನಾಟಕದಲ್ಲಿ ಕೆಎಸ್‌ಬಿಸಿಎಲ್ 2003ರಿಂದ ಮಾಡುತ್ತಿರುವ ಕೆಲಸವೇ ಇದು. ಅಂಗಡಿ, ಬಾರು, ರೆಸ್ಟೋರೆಂಟುಗಳು ಕೊಳ್ಳುವುದು ನಿಗಮದಿಂದ, ವ್ಯಾಪಾರಿಯ ಕೋಣೆಯಿಂದಲ್ಲ. ಹಾಗಾದರೆ ಅವನಿಗೆ ಉಳಿದ ಕೆಲಸ? ಬಾಗಿಲಿಂದ ಬಾಗಿಲಿಗೆ ತಿರುಗಿ ಬೇಡಿಕೆ ಹುಟ್ಟಿಸುವುದು. ಮದ್ಯದ ನೇರ ಜಾಹೀರಾತಿಗೆ ನಿರ್ಬಂಧವಿರುವುದರಿಂದ ಕಾಲ್ನಡಿಗೆಯೇ ಜಾಹೀರಾತು. ಬಾಣಸಿಗನಿಗೆ, ಬಡಿಸುವ ಹುಡುಗರಿಗೆ ವೈನಿನ ಗುಣ ತಿಳಿಸಿಕೊಡಬೇಕು.

ಆ ತಿಳಿವಳಿಕೆ ಮೊದಲು ವ್ಯಾಪಾರಿಗೇ ಇರಬೇಕಷ್ಟೆ. ಕಿಯಾಂತಿ ಕೆಂಪು ವೈನ್, ಪ್ರೊಸೆಕ್ಕೊ ನೊರೆಯುಕ್ಕುವ ಬಿಳಿ ವೈನ್, ಬರೋಲೊ ಪಿಯೆಮಾಂಟೆ ಪ್ರಾಂತದ ದುಬಾರಿ ವೈನ್. ಇಟಲಿಯಲ್ಲಿ ಅತ್ಯುನ್ನತ ದರ್ಜೆಗೆ ಡಿಒಸಿಜಿ ಎಂದು ಹೆಸರು. ಅದರ ಬಾಟಲಿಯ ಕೊರಳಿಗೆ ಸಂಖ್ಯೆಯುಳ್ಳ ಕಾಗದದ ಪಟ್ಟಿ ಅಂಟಿಸಿರುತ್ತಾರೆ, ನಮ್ಮ ಅಬಕಾರಿ ಚೀಟಿಯ ಹಾಗೆಯೇ. ಬಂಗಾಳಿಗರ ಸಾಸಿವೆ ಹಚ್ಚಿದ ಹಿಲ್ಸಾ ಮೀನಿಗೆ ಬಿಳಿ ವೈನ್ ಒಪ್ಪುತ್ತದೆಂದು ಹೇಳುವವರಿದ್ದಾರೆ. ಸಾಸಿವೆಯ ಖಾರದ ಮುಂದೆ ಯಾವ ವೈನಿನ ಪರಿಮಳ ನಿಂತೀತೋ ಸಂಶಯವೇ.

ಕೊಲ್ಕತ್ತಾದ ಸೆಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿಯ ಹತ್ತಿರ ಹೋಗುತ್ತದೆ. ವೈನಿಗೆ ಬೇಕಾದ್ದು 15 ಡಿಗ್ರಿ ಆಸುಪಾಸಿನ ತಂಪು. ತಂಪಿಲ್ಲದ ಗೋದಾಮಿನಲ್ಲಿ ಬೇಸಿಗೆ ಕಳೆದ ಬಾಟಲಿ ಮುಚ್ಚಳ ತೆರೆದಾಗ ಬೇಯಿಸಿದ ಹಣ್ಣಿನ ವಾಸನೆ ಕೊಡುತ್ತದೆ. ಆ ಗಿರಾಕಿ ಮತ್ತೆ ಬರುವುದಿಲ್ಲ.

ಈಗ ಎಲ್ಲರ ಬಾಯಲ್ಲಿರುವುದು ಐರೋಪ್ಯ ಒಕ್ಕೂಟದೊಡನೆಯ ವ್ಯಾಪಾರ ಒಪ್ಪಂದ. ಮಾತುಕತೆ ಮುಗಿಯಿತೆಂದು 2026ರ ಜನವರಿ 27ರಂದು ಘೋಷಣೆಯಾಯಿತು. ಒಪ್ಪಂದ ಜಾರಿಯಾದಾಗ ವೈನಿನ ಸುಂಕ ಮೊದಲು ಶೇ. 75ಕ್ಕೆ, ಮುಂದೆ ಹಂತಹಂತವಾಗಿ ಮಧ್ಯಮ ಬೆಲೆಯದಕ್ಕೆ ಶೇ. 30, ದುಬಾರಿಯದಕ್ಕೆ ಶೇ. 20ಕ್ಕೆ ಇಳಿಯಬೇಕು. ಮೇಲಿನ ಬಾಟಲಿಯೇ ಮೊದಲ ಹಂತದಲ್ಲಿ 1,050 ರೂಪಾಯಿಗೆ, ಕೊನೆಯಲ್ಲಿ 780ಕ್ಕೆ ಬಂದರು ದಾಟುತ್ತದೆ. 2022ರ ಡಿಸೆಂಬರ್‌ನಿಂದ ಇಂಥದೇ ರಿಯಾಯಿತಿ ಪಡೆದ ಆಸ್ಟ್ರೇಲಿಯಾದ ವೈನಿನೆದುರು ಇಟಲಿಯದಕ್ಕೂ ಆಗ ಉಸಿರು ಬಂದೀತು.

ಈ ಸಿಹಿಸುದ್ದಿಯ ಒಳಗೇ ಒಂದು ಗುಂಡಿಯಿದೆ. ಹಳೆಯ ದರದಲ್ಲಿ ಸುಂಕ ಕಟ್ಟಿ ಬಿಡಿಸಿದ 600 ಬಾಟಲಿ ಮಾರಾಟವಾಗದೆ ಉಳಿದಿರುವಾಗ ಹೊಸ ದರ ಜಾರಿಯಾದರೆ, ಪ್ರತಿಸ್ಪರ್ಧಿಯ ಬಾಟಲಿ ಅವನದಕ್ಕಿಂತ 450 ರೂ. ಅಗ್ಗ. ಒಟ್ಟು 2 ಲಕ್ಷ 70 ಸಾವಿರ ರೂಪಾಯಿ ಒಂದೇ ರಾತ್ರಿಯಲ್ಲಿ ಕರಗಿದಂತೆ. ಜಾರಿಯ ದಿನ ಹತ್ತಿರವಾದಂತೆ ಅಂಗಡಿಗಳೂ ಕೊಳ್ಳುವುದನ್ನು ತಡೆಹಿಡಿದಾವು. ಆದ್ದರಿಂದ ಈ ಸಂಧಿಕಾಲದಲ್ಲಿ ಸಣ್ಣ ವ್ಯಾಪಾರಿ ಬಾಂಡಿನಿಂದ ವಾರಕ್ಕೆ ಬೇಕಾದಷ್ಟನ್ನೇ ಬಿಡಿಸುವುದು ಜಾಣತನ. ಅಷ್ಟು ತಾಳ್ಮೆಯಿಲ್ಲದವರು ಹೊಸ ದರ ಬಂದ ಮೇಲೆಯೇ ಮೊದಲ ಆರ್ಡರ್ ಕೊಡಲಿ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಗಡಿಯಾಚೆಯ ಕನ್ನಡಿಗರ ಜಿಲ್ಲೆ ಸೊಲ್ಲಾಪುರದ ಅಕ್ಲೂಜ್‌ನಲ್ಲಿ ಇಟಲಿಯ ಸೆಚ್ಚಿ ಸಹೋದರರು, ಭಾರತದ ಸೇಖ್ರಿ ಮತ್ತು ಮೋಹಿತೆ-ಪಾಟೀಲ್ ಸಹೋದರರು ಸೇರಿ ಫ್ರಾತೆಲ್ಲಿ ಎಂಬ ಸಂಸ್ಥೆ ಕಟ್ಟಿದ್ದಾರೆ. ಇಟಲಿಯ ಭಾಷೆಯಲ್ಲಿ ಫ್ರಾತೆಲ್ಲಿ ಎಂದರೆ ಅಣ್ಣತಮ್ಮಂದಿರು. ಕಿಯಾಂತಿಯ ಮುಖ್ಯ ದ್ರಾಕ್ಷಿಯಾದ ಸಾಂಜೊವೇಸೆ ಬಳ್ಳಿಯನ್ನೇ ಅಲ್ಲಿ ನೆಟ್ಟರು. ವೈನ್ ತಯಾರಿಯ ಹೊಣೆಯನ್ನು ಟಸ್ಕನಿಯ ಪಿಯೆರೊ ಮಾಸಿ ಹೊತ್ತರು. ನಂದಿ ಬೆಟ್ಟದ ಬುಡದಲ್ಲಿ ಗ್ರೋವರ್ ತೋಟದ ವೈನ್ 1992ರಿಂದಲೇ ಮಾರುಕಟ್ಟೆಯಲ್ಲಿದೆ. ಇವುಗಳಿಗೆ ಬಂಗಾಳದ ಲೇಬಲ್ ನೋಂದಣಿ, ಅಬಕಾರಿ ತೆರಿಗೆ ತಪ್ಪದು. ಆದರೆ ಕಸ್ಟಮ್ಸ್ ಸುಂಕವಿಲ್ಲ, ಹಡಗಿನ ಕಾಯುವಿಕೆಯಿಲ್ಲ. ಇಂಥ ಸಂಸ್ಥೆಗಳ ಪರವಾಗಿ ರೆಸ್ಟೋರೆಂಟುಗಳಲ್ಲಿ ಮೊದಲು ಗುರುತು ಪರಿಚಯ ಬೆಳೆಸಿಕೊಂಡವರಿಗೆ ಮುಂದೆ ಅದೇ ಮೇಜಿಗೆ ಇಟಲಿಯ ಬಾಟಲಿ ತಲುಪಿಸುವುದು ಕಷ್ಟವಾಗಲಾರದು.

ದುರ್ಗಾಪೂಜೆಯಿಂದ ಕ್ರಿಸ್‌ಮಸ್‌ವರೆಗಿನ ದಿನಗಳೇ ಈ ನಗರದಲ್ಲಿ ವ್ಯಾಪಾರದ ಸುಗ್ಗಿ. ಪೂಜೆಗೆ ಸರಕು ಕೈಯಲ್ಲಿರಬೇಕಾದರೆ ಸಮುದ್ರಯಾನ, ಪರೀಕ್ಷೆ, ಲೇಬಲ್ ಎಲ್ಲ ಲೆಕ್ಕ ಹಾಕಿ ಮೇ ತಿಂಗಳಲ್ಲೇ ಆರ್ಡರ್ ಹೋಗಬೇಕು, ಅದೂ ತಂಪು ಕಂಟೇನರಿನಲ್ಲೇ ಕಳಿಸಬೇಕೆಂಬ ಷರತ್ತಿನೊಂದಿಗೆ.