ಸೆರೆಹೋದವರ ಹೆಸರು

ನಮ್ಮ ಸಂಡೂರು ಸೀಮೆಯಲ್ಲಿ ಕುಮಾರರಾಮನ ಹೆಸರು ಕೇಳದ ಮನೆ ಸಿಗುವುದು ಕಷ್ಟ. ಕಂಪಿಲರಾಯನ ಮಗ, ಹೊಸಮಲೆದುರ್ಗದ ವೀರ. ಅವನನ್ನು ಹಾಡಿದ್ದೇವೆ, ಕಾವ್ಯ ಕಟ್ಟಿದ್ದೇವೆ. ಮಲೆನಾಡಿನ ಕೆಲವು ಊರುಗಳಲ್ಲಿ ಇಂದಿಗೂ ಮರದಲ್ಲಿ ಕೆತ್ತಿದ ಅವನ ತಲೆಗೆ ಪೂಜೆ ನಡೆಯುತ್ತದೆ. ಅದೇ ರಾಯನ ಹನ್ನೊಂದು ಗಂಡುಮಕ್ಕಳು ಸೆರೆಯಾಗಿ ದೆಹಲಿಗೆ ಹೋದರು. ಅವರನ್ನು ಹಾಡಿದವರು ನನಗೆ ಇದುವರೆಗೆ ಸಿಕ್ಕಿಲ್ಲ.

ನಾನು ಯಶವಂತನಗರದವನು. ಹೈಸ್ಕೂಲು ಮಕ್ಕಳಿಗೆ ಇತಿಹಾಸ ಹೇಳಿ ನಿವೃತ್ತನಾದವನು. ಪಾಠದಲ್ಲಿ ಕದನಗಳಿಗೆ ಇಸವಿ ಇತ್ತು, ಗೆದ್ದವರಿಗೆ ಹೆಸರಿತ್ತು, ಸತ್ತವರಿಗೆ ಗೌರವವಿತ್ತು. ಕೈಕಟ್ಟಿಸಿಕೊಂಡು ಹೋದವರಿಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಕಳೆದ ಕೆಲವು ವರ್ಷಗಳಿಂದ ಅವರ ಕುರಿತು ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ.

ಕಂಪಿಲಿಯದು 1327ರ ಹೊತ್ತಿನ ಮಾತು. ದೆಹಲಿಯ ಮುಹಮ್ಮದ್ ಬಿನ್ ತುಘಲಕನ ಮೇಲೆ ತಿರುಗಿಬಿದ್ದ ಅವನ ಬಂಧು ಬಹಾವುದ್ದೀನ್ ಗುರ್ಶಾಸ್ಪ್ ಓಡಿಬಂದು ಕಂಪಿಲರಾಯನ ಆಶ್ರಯ ಕೇಳಿದ. ರಾಯ ಬಿಟ್ಟುಕೊಡಲಿಲ್ಲ. ಸೈನ್ಯ ಬಂತು, ಅರಮನೆಯ ಹೆಂಗಸರು ಬೆಂಕಿಗೆ ಬಿದ್ದರು, ರಾಯ ಹೋರಾಡಿ ಮಡಿದ. ಮುಂದಿನದನ್ನು ನಮಗೆ ಹೇಳುವವನು ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ. ಹನ್ನೊಂದು ಮಕ್ಕಳನ್ನು ಸುಲ್ತಾನನ ಮುಂದೆ ನಿಲ್ಲಿಸಿದರು, ಅವರು ಮತಾಂತರಗೊಂಡರು, ವಂಶದ ಹಿರಿಮೆಗೂ ತಂದೆಯ ನಡತೆಗೂ ಬೆಲೆಕೊಟ್ಟು ಸುಲ್ತಾನ ಅವರನ್ನು ಅಮೀರರನ್ನಾಗಿ ಮಾಡಿದ ಎಂದು ಅವನು ಬರೆಯುತ್ತಾನೆ. ಅವರಲ್ಲಿ ಮೂವರನ್ನು ಅವನು ದೆಹಲಿಯಲ್ಲಿ ಕಣ್ಣಾರೆ ಕಂಡಿದ್ದ: ನಸ್ರ್, ಬಖ್ತಿಯಾರ್, ಇನ್ನೊಬ್ಬ ಸುಲ್ತಾನ ಕುಡಿಯುವ ನೀರಿನ ಮುದ್ರೆ ಕಾಯುವವನು. ಈ ಮೂರನೆಯವನನ್ನು ಅಬೂ ಮುಸ್ಲಿಂ ಎಂದು ಕರೆಯುತ್ತಿದ್ದರಂತೆ. ಬತೂತನಿಗೆ ಗೆಳೆಯನೂ ಆಗಿದ್ದ.

ಇದನ್ನು ಮೊದಲು ಓದಿದ ದಿನ ನನಗೆ ಬೇರೆ ಕೆಲಸ ಸಾಗಲಿಲ್ಲ. ತುಂಗಭದ್ರೆಯ ನೀರು ಕುಡಿದು ಬೆಳೆದ ಹುಡುಗ ದೆಹಲಿಯಲ್ಲಿ ಸುಲ್ತಾನನ ನೀರು ಕಾಯುತ್ತಿದ್ದ. ಅವನ ತಾಯಿ ಇಟ್ಟ ಹೆಸರೇನು? ಬತೂತ ಬರೆದುಕೊಂಡದ್ದು ಸೆರೆಯಾದ ಮೇಲೆ ಬಂದ ಹೆಸರುಗಳನ್ನು. ಹಕ್ಕ ಬುಕ್ಕರೂ ಹೀಗೆಯೇ ಸೆರೆಯಾಗಿ ದೆಹಲಿಗೆ ಹೋಗಿ ಹಿಂದಿರುಗಿದವರು ಎಂಬ ಮಾತಿದೆ. ವಿದ್ವಾಂಸರಲ್ಲಿ ಒಮ್ಮತವಿಲ್ಲ, ಆ ಚರ್ಚೆಗೆ ನಾನು ಇಳಿಯುವುದಿಲ್ಲ.

ಸಂಡೂರಿನ ಇನ್ನೊಬ್ಬ ದೊಡ್ಡ ಸೆರೆಯಾಳು ಮುರಾರಿರಾವ್ ಘೋರ್ಪಡೆ. ಸಂಡೂರು ಸಂಸ್ಥಾನ ಅವರ ಮನೆತನದ್ದು, ಆದರೆ ಅವರು ಹೆಸರಾದದ್ದು ಗುತ್ತಿಯ ಕೋಟೆಯಿಂದ. ಇಂಗ್ಲಿಷರು, ಫ್ರೆಂಚರು, ನಿಜಾಮ ಎಲ್ಲರೂ ಅವರ ಕುದುರೆಪಡೆಗಾಗಿ ಹಾತೊರೆದ ಕಾಲವೊಂದಿತ್ತು. 1775ರಲ್ಲಿ ಬಳ್ಳಾರಿಯನ್ನು ಹಿಡಿದ ಹೈದರಾಲಿ ಗುತ್ತಿಗೆ ಮುತ್ತಿಗೆ ಹಾಕಿದ. ಬೆಟ್ಟದ ಮೇಲಿನ ಕೋಟೆ, ಒಳಗಿನ ಕೊಳಗಳು ಬತ್ತತೊಡಗಿದವು. ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ಹೇಳುವ ಪ್ರಕಾರ, ಹಣ ಕೊಡುವುದೆಂದು ಒಪ್ಪಂದವಾಗಿ, ಬಾಕಿ ಹಣಕ್ಕೆ ಒಬ್ಬ ತರುಣನನ್ನು ಹೈದರನ ಪಾಳೆಯಕ್ಕೆ ಒತ್ತೆಯಾಗಿ ಕಳಿಸಿದರು. ಊಟಕ್ಕೆ ಕೂತಾಗ, ನೀರು ಮುಗಿಯುತ್ತ ಬಂದದ್ದರಿಂದಲೇ ರಾಯರು ಒಪ್ಪಂದಕ್ಕೆ ಬಂದದ್ದೆಂದು ಆ ಹುಡುಗ ಬಾಯಿಬಿಟ್ಟ. ಹೈದರ್ ಏನೋ ನೆಪ ತೆಗೆದು ಮುತ್ತಿಗೆ ಮುಂದುವರಿಸಿದ. 1776ರಲ್ಲಿ ಗುತ್ತಿ ಬಿತ್ತು.

ಮುರಾರಿರಾಯರನ್ನು ಶ್ರೀರಂಗಪಟ್ಟಣಕ್ಕೆ ಒಯ್ದು, ಅಲ್ಲಿಂದ ಕಬ್ಬಾಳದುರ್ಗಕ್ಕೆ ಕಳಿಸಿದರು. ಕನಕಪುರದ ಕಡೆಯ ಈ ಒಂಟಿ ಕಲ್ಲುಬೆಟ್ಟ ಮೈಸೂರಿನ ಆಳುವವರಿಗೆ ಬಹುಕಾಲದ ಸೆರೆಮನೆ. ಮೈಸೂರಿನ ಅರಸು ಚಾಮರಾಜ ಒಡೆಯರನ್ನೇ ಅವರ ದಳವಾಯಿಗಳು ಇಲ್ಲಿ ಕೂಡಿಹಾಕಿದ್ದರು, 1734ರಲ್ಲಿ ಅವರು ಇಲ್ಲೇ ತೀರಿಕೊಂಡರು. ಅಲ್ಲಿನ ಗಾಳಿ ನೀರು ಆಗಿಬರದ್ದು ಎಂಬ ಮಾತು ಹಿಂದಿನಿಂದಲೂ ಇದೆ. ಕತ್ತಿಯೆತ್ತದೆ ಕೊಲ್ಲಬೇಕೆಂದರೆ ಅಲ್ಲಿಗೆ ಕಳಿಸಿದರೆ ಸಾಕಿತ್ತು. ಮುರಾರಿರಾಯರೂ ಅಲ್ಲಿಂದ ಇಳಿದು ಬರಲಿಲ್ಲ.

ರಾಯರಿಗೆ ಇಷ್ಟಾದರೂ ಬರಹ ಉಂಟು. ಅವರ ಜೊತೆ ಗುತ್ತಿಯಲ್ಲಿ ಬಾಯಾರಿ ಕೂತ ಸಿಪಾಯಿಗಳ ಗತಿ ಏನಾಯಿತು? ಮೂರು ವರ್ಷದ ನಂತರ, 1779ರಲ್ಲಿ, ಹೈದರ್ ಚಿತ್ರದುರ್ಗವನ್ನು ಗೆದ್ದು ಮದಕರಿನಾಯಕನನ್ನು ಸೆರೆಹಿಡಿದಾಗ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂದು ವಿಲ್ಕ್ಸ್ ಬರೆಯುತ್ತಾನೆ. ಅವರ ಹುಡುಗರನ್ನು ಬೇರ್ಪಡಿಸಿ, ಮತ ಬದಲಿಸಿ, ಚೇಲಾ ಪಡೆಗಳೆಂದು ತಯಾರು ಮಾಡಿದರು. ಅಷ್ಟು ಜನರಲ್ಲಿ ನಮಗೆ ಗೊತ್ತಿರುವುದು ಬೆರಳೆಣಿಕೆಯ ಹೆಸರುಗಳು. ನಮ್ಮ ವೀರಗಲ್ಲುಗಳೂ ಹಾಗೆಯೇ. ತುರು ಬಿಡಿಸುತ್ತ, ಹೆಣ್ಣುಗಳ ಸೆರೆ ಬಿಡಿಸುತ್ತ ಸತ್ತ ಗಂಡಸಿನ ಹೆಸರು ಕಲ್ಲಿನ ಮೇಲಿದೆ. ಸೆರೆ ಹೋದ ಹೆಣ್ಣುಮಗಳ ಹೆಸರನ್ನು ನಾನು ಹುಡುಕಿ ಸೋತಿದ್ದೇನೆ.

ಹೆಸರು ಬರೆದಿಡುವುದು ಯಾಕೆ ಇಷ್ಟು ಮುಖ್ಯ? ಸೆರೆಯಾದವನು ಪೂರ್ತಿಯಾಗಿ ಹಿಡಿದವನ ಕೈಯಲ್ಲಿರುತ್ತಾನೆ. ಇಂಥವನು ಇಂಥಲ್ಲಿ ಜೀವಂತವಾಗಿದ್ದಾನೆ ಎಂದು ಮೂರನೆಯವರೊಬ್ಬರಿಗೆ ಗೊತ್ತಾದ ಕ್ಷಣದಿಂದ ಅವನನ್ನು ಇಲ್ಲವಾಗಿಸುವುದು ಸುಲಭವಲ್ಲ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದ ಕೂಡಲೇ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಜಿನೀವಾದಲ್ಲಿ ಒಂದು ಕಚೇರಿ ತೆರೆದು ಇದೇ ಕೆಲಸಕ್ಕೆ ಕೂತಿತು. ಒಬ್ಬೊಬ್ಬ ಸೆರೆಯಾಳಿಗೂ ಕಾರ್ಡು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 70 ಲಕ್ಷ ಕಾರ್ಡುಗಳಾಗಿದ್ದವು.

ಆ ಕೆಲಸ ನಮ್ಮ ಬಳ್ಳಾರಿಯವರೆಗೂ ಬಂದಿತ್ತು. ಮೆಸೊಪೊಟೇಮಿಯಾದ ಕಡೆ ಬ್ರಿಟಿಷರಿಗೆ ಸಿಕ್ಕ ತುರ್ಕಿ ಸಾಮ್ರಾಜ್ಯದ ಸೈನಿಕರನ್ನು ಭಾರತಕ್ಕೂ ಬರ್ಮಾಕ್ಕೂ ತಂದಿದ್ದರು. ಶಿಬಿರಗಳಲ್ಲಿ ಒಂದು ಬಳ್ಳಾರಿಯಲ್ಲಿತ್ತು. 1917ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತೋರ್ಮೇಯರ್, ಶೋಕ್, ಬ್ಲಾಂಶೋ ಎಂಬ ಮೂವರು ಸ್ವಿಸ್ ಪ್ರತಿನಿಧಿಗಳು ಈ ಶಿಬಿರಗಳನ್ನು ಸುತ್ತಿದರು. ಊಟ ಏನು, ಹಾಸಿಗೆ ಹೇಗಿದೆ, ರೋಗಿಗಳೆಷ್ಟು, ಕಾಗದ ಬರುತ್ತದೆಯೇ ಎಂದು ಕೇಳಿ ವರದಿ ಬರೆದರು. ಯಾವ ಪಕ್ಷಕ್ಕೂ ಸೇರದ ಮೂವರು ಬಳ್ಳಾರಿಯ ಬಿಸಿಲಿಗೆ ಬಂದು ಸೆರೆಯಾಳನ್ನು ಮಾತಾಡಿಸಿದ್ದು ನನಗೆ ಬಹು ದೊಡ್ಡ ಸಂಗತಿ. ಕಬ್ಬಾಳದುರ್ಗದ ಬೆಟ್ಟ ಹತ್ತಿ ಮುರಾರಿರಾಯರನ್ನು ಹೀಗೆ ಕೇಳಿದವರಿರಲಿಲ್ಲ. ಹಾಗೆಂದು ಆ ಯುದ್ಧದಲ್ಲಿ ಎಲ್ಲರಿಗೂ ಈ ರಕ್ಷೆ ದಕ್ಕಲಿಲ್ಲ. 1916ರ ಏಪ್ರಿಲ್‌ನಲ್ಲಿ ಕೂತ್ ಎಂಬಲ್ಲಿ ತುರ್ಕರಿಗೆ ಶರಣಾದ ಸುಮಾರು 13,000 ಬ್ರಿಟಿಷ್ ಮತ್ತು ಭಾರತೀಯ ಸೈನಿಕರಲ್ಲಿ ಸಾವಿರಾರು ಮಂದಿ ಮರುಭೂಮಿಯ ನಡಿಗೆಯಲ್ಲೂ ಶಿಬಿರಗಳಲ್ಲೂ ಸತ್ತರು.

2019ರ ಫೆಬ್ರವರಿಯಲ್ಲಿ ವಿಂಗ್ ಕಮಾಂಡರ್ ಅಭಿನಂದನ್ ಪಾಕಿಸ್ತಾನದಲ್ಲಿ ಸಿಕ್ಕಿಬಿದ್ದಾಗ ನನ್ನ ಹಳೆಯ ಶಿಷ್ಯನೊಬ್ಬನ ತಾಯಿ ಮನೆಗೆ ಬಂದರು. ಮಗ ಆಗ ಗಡಿಯಲ್ಲಿದ್ದ. ಕಟ್ಟೆಯ ಮೇಲೆ ಕೂತವರೇ, “ಸರ, ನಮ್ಮ ಹುಡುಗನ್ನ ಹಿಂಗ ಹಿಡ್ಕೊಂಡ್ರ ಏನ್ ಮಾಡ್ತಾರ್ರಿ?” ಅಂದರು.

ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. 1949ರ ಮೂರನೆಯ ಜಿನೀವಾ ಒಪ್ಪಂದಕ್ಕೆ ಭಾರತ, ಪಾಕಿಸ್ತಾನ ಎರಡೂ ಸೇರಿವೆ. ಸೆರೆಯಾದವನು ತನ್ನ ಹೆಸರು, ಹುದ್ದೆ, ಹುಟ್ಟಿದ ದಿನ, ಸೈನ್ಯದ ನಂಬರು ಹೇಳಿದರೆ ಸಾಕು. ಬೇರೆ ಮಾಹಿತಿಗಾಗಿ ಹಿಂಸೆ ಕೊಡುವಂತಿಲ್ಲ. ಗಾಯಕ್ಕೆ ಚಿಕಿತ್ಸೆ ಕೊಡಬೇಕು, ಜನರ ಕುತೂಹಲಕ್ಕೆ ಪ್ರದರ್ಶನ ಮಾಡಬಾರದು. ಶಿಬಿರ ಮುಟ್ಟಿದ ಒಂದು ವಾರದೊಳಗೆ ಮನೆಗೊಂದು, ಜಿನೀವಾಕ್ಕೊಂದು ಕಾರ್ಡು ಬರೆಯಲು ಬಿಡಬೇಕು. ಕಾದಾಟ ನಿಂತ ಮೇಲೆ ತಡಮಾಡದೆ ಕಳಿಸಿಕೊಡಬೇಕು. “ಕಾರ್ಡ್ ಬರ್ತೈತೇನ್ರಿ?” ಎಂದು ಅವರು ಎರಡು ಸಲ ಕೇಳಿದರು. ಬರಬೇಕು ಎಂದೆ. ಬಂದೇ ಬರುತ್ತದೆ ಎನ್ನಲು ನನಗೆ ಬಾಯಿ ಬರಲಿಲ್ಲ. ಅಭಿನಂದನ್ ಮಾರ್ಚ್ 1ರಂದು ಹಿಂದಿರುಗಿದರು.

ಕೊಡಗಿನ ಮನೆಯೊಂದಕ್ಕೂ ಇಂಥ ದಿನ ಬಂದಿತ್ತು. 1965ರ ಸೆಪ್ಟೆಂಬರ್ 22ರಂದು, ಕದನವಿರಾಮದ ಹಿಂದಿನ ದಿನ, ಜನರಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ ಹಾರಿಸುತ್ತಿದ್ದ ವಿಮಾನ ಉರುಳಿ ಅವರು ಸೆರೆಯಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗನನ್ನು ಬಿಟ್ಟುಕೊಡುವ ಮಾತು ಬಂದಾಗ, ಸೆರೆಯಲ್ಲಿರುವ ಎಲ್ಲ ಸೈನಿಕರೂ ನನ್ನ ಮಕ್ಕಳೇ, ಇವನೊಬ್ಬನಿಗೆ ವಿಶೇಷ ಬೇಡ ಎಂದು ತಂದೆ ತಿಳಿಸಿದರು. ನಂದಾ ಉಳಿದವರೊಂದಿಗೇ 1966ರ ಜನವರಿಯಲ್ಲಿ ಮರಳಿದರು. ಕಾರ್ಯಪ್ಪನವರ ಆ ಉತ್ತರಕ್ಕೆ ನಾನು ತಲೆಬಾಗುತ್ತೇನೆ. ಜೊತೆಗೆ ಇನ್ನೊಂದೂ ನೆನಪಿಡಬೇಕು: ಮಗ ಬದುಕಿದ್ದಾನೆ ಎಂಬ ಸುದ್ದಿ ಅವರಿಗೆ ಮುಟ್ಟಿತ್ತು.

ಅದು ಮುಟ್ಟದ ಮನೆಗಳೂ ಇವೆ. 1971ರ ಯುದ್ಧದಲ್ಲಿ ಸುಮಾರು 93,000 ಪಾಕಿಸ್ತಾನಿಗಳು ನಮ್ಮ ಸೆರೆಯಾಗಿ, 1973ರ ದೆಹಲಿ ಒಪ್ಪಂದದ ನಂತರ 1974ರೊಳಗೆ ಊರು ಸೇರಿದರು. ನಮ್ಮ ಕಡೆಯ 54 ಮಂದಿ ಕಾಣೆಯಾದ ಸೈನಿಕರು ಅಲ್ಲಿನ ಜೈಲುಗಳಲ್ಲಿದ್ದಾರೆ ಎಂದು ಭಾರತ ಹೇಳುತ್ತ ಬಂದಿದೆ, ಇಲ್ಲ ಎಂದು ಪಾಕಿಸ್ತಾನ ಹೇಳುತ್ತ ಬಂದಿದೆ. 2007ರಲ್ಲಿ ಅವರ ಮನೆಯವರು ಕೆಲವರು ಪಾಕಿಸ್ತಾನಕ್ಕೇ ಹೋಗಿ ಜೈಲುಗಳನ್ನು ನೋಡಿ ಬರಿಗೈಯಲ್ಲಿ ಬಂದರು. 2008ರ ಒಪ್ಪಂದದಂತೆ ಪ್ರತಿ ಜನವರಿ 1 ಮತ್ತು ಜುಲೈ 1ರಂದು ಎರಡೂ ದೇಶಗಳು ತಮ್ಮ ಜೈಲುಗಳಲ್ಲಿರುವ ನಾಗರಿಕರ ಮತ್ತು ಮೀನುಗಾರರ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತವೆ. ಆ ದಿನಗಳಲ್ಲಿ ನಮ್ಮ ವಿದೇಶಾಂಗ ಇಲಾಖೆ ಕಾಣೆಯಾದ ಸೈನಿಕರನ್ನೂ ಬಿಡುಗಡೆ ಮಾಡಿ ಎಂದು ಕೇಳುತ್ತದೆ. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಅದು ಬರುತ್ತದೆ. ನಾನು ತಪ್ಪದೆ ಓದುತ್ತೇನೆ. ಅರ್ಧ ಶತಮಾನ ಕಳೆದಿದೆ, ಅವರಲ್ಲಿ ಎಷ್ಟು ಮಂದಿ ಉಳಿದಿರಬಹುದು ಎಂದು ಕೇಳುವವರಿದ್ದಾರೆ. ಉಳಿದಿರಲಿ, ಬಿಡಲಿ, ಆ 54 ಹೆಸರುಗಳಿಗೆ ಒಂದೊಂದಾಗಿ ಉತ್ತರ ಬರುವವರೆಗೆ ನಮ್ಮ ಸರ್ಕಾರ ವರ್ಷಕ್ಕೆರಡು ಸಲ ಕೇಳುತ್ತಲೇ ಇರಬೇಕು.