ಹೆಚ್ಚುವರಿ ಕೆಲಸಕ್ಕೆ ಗುದ್ದಲಿ ಹಾಕುವ ಮೊದಲು



ಊರಿನಲ್ಲಿ ಚರಂಡಿಯೋ, ಕೆರೆಯ ತೂಬೋ, ಶಾಲೆಯ ಕೊಠಡಿಯೋ ಕಟ್ಟುವಾಗ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ಹೇಗೂ ಆಳುಗಳು ಬಂದಿದ್ದಾರೆ, ಇನ್ನು ಹತ್ತು ಮಾರು ಮುಂದಕ್ಕೆ ಒಯ್ದುಬಿಡಿ.” ಗುತ್ತಿಗೆದಾರನು ಊರವರ ಮಾತು ಮೀರಲಾರದೆ ಒಪ್ಪುತ್ತಾನೆ. ಸ್ಥಳಕ್ಕೆ ಬಂದ ಅಧಿಕಾರಿಯೂ “ಆಗಲಿ, ಆಮೇಲೆ ನೋಡೋಣ” ಎನ್ನುತ್ತಾರೆ. ಬಿಲ್ಲು ಬರೆಯುವ ದಿನ ನೋಡಿದರೆ ಆ ಹತ್ತು ಮಾರಿಗೆ ಹಣವೇ ಇಲ್ಲ!

ಇದರ ನಷ್ಟ ಗುತ್ತಿಗೆದಾರನೊಬ್ಬನದೇ ಎಂದು ತಿಳಿಯಬೇಡಿ. ಜಲ್ಲಿ ಸಾಗಿಸಿದ ಟ್ರ್ಯಾಕ್ಟರು ನಿಮ್ಮದು. ಕೂಲಿಗೆ ಹೋದವರು ನಿಮ್ಮ ಮನೆಯವರು. ಗುತ್ತಿಗೆ ಹಿಡಿದವನೂ ಅನೇಕ ವೇಳೆ ನಿಮ್ಮಲ್ಲೊಬ್ಬನೇ. ಅವನ ಕೈಗೆ ಹಣ ಬಾರದಿದ್ದರೆ ನಿಮ್ಮ ಕೈಗೂ ಬಾರದು.

ಹೆಚ್ಚುವರಿ ಕೆಲಸವೆಂದರೆ ಏನು?

ಇದರಲ್ಲಿ ಮೂರು ಬಗೆ ಉಂಟು. ಮೊದಲನೆಯದು, ಅಂದಾಜು ಪಟ್ಟಿಯಲ್ಲಿರುವ ಕೆಲಸವೇ ಅಳತೆಯಲ್ಲಿ ಹೆಚ್ಚಾಗುವುದು: 100 ಮೀಟರ್ ಚರಂಡಿ 110 ಮೀಟರ್ ಆಗುವುದು. ಎರಡನೆಯದು, ಪಟ್ಟಿಯಲ್ಲೇ ಇಲ್ಲದ ಹೊಸ ಕೆಲಸ: ಗಾಡಿ ದಾಟಲೆಂದು ಚರಂಡಿಯ ಮೇಲೆ ಚಪ್ಪಡಿ ಹಾಕುವುದು. ಮೂರನೆಯದು, ನೆಲದ ಗುಣ ಬೇರೆಯಾಗುವುದು. ಬಾವಿ ತೋಡಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಮಣ್ಣೆಂದು ಅಗೆಯಲು ಹೊರಟರೆ ನಾಲ್ಕಡಿಗೆ ಬಂಡೆ ಸಿಕ್ಕುತ್ತದೆ. ಮಣ್ಣು ಅಗೆಯುವ ದರವೇ ಬೇರೆ, ಬಂಡೆ ಒಡೆಯುವ ದರವೇ ಬೇರೆ.

ಕೆಲಸ ಕಣ್ಣೆದುರಿಗೇ ಇರುವಾಗ ಹಣ ಏಕೆ ಕೊಡುವುದಿಲ್ಲ?

ಸರ್ಕಾರದ ಹಣ ಮಂಜೂರಾಗುವುದು ಅಂದಾಜು ಪಟ್ಟಿಯ ಮೇಲೆ. ಸ್ಥಳದಲ್ಲಿ ನಿಂತು “ಮಾಡಿ” ಎಂದವರಿಗೆಲ್ಲ ಹಣ ಮಂಜೂರು ಮಾಡುವ ಅಧಿಕಾರ ಇರುವುದಿಲ್ಲ. ಸರ್ಕಾರದ ಒಪ್ಪಂದವು ಅಧಿಕಾರ ಪಡೆದವರಿಂದಲೇ, ಗೊತ್ತುಪಡಿಸಿದ ರೀತಿಯಲ್ಲಿಯೇ ಆಗಬೇಕೆಂದು ಸಂವಿಧಾನದ 299ನೆಯ ಅನುಚ್ಛೇದ ಹೇಳುತ್ತದೆ.

ಈ ವಿಷಯದಲ್ಲಿ ಹೆಸರಾದ ಮೊಕದ್ದಮೆಯೊಂದುಂಟು. 1944ರಲ್ಲಿ ಬಂಗಾಳದ ಹೂಗ್ಲಿ ಜಿಲ್ಲೆಯ ಆರಾಮ್‌ಬಾಗ್‌ನಲ್ಲಿ ಬಿ.ಕೆ. ಮಂಡಲ್ ಅಂಡ್ ಸನ್ಸ್ ಎಂಬ ಗುತ್ತಿಗೆದಾರರು ಸರಬರಾಜು ಇಲಾಖೆಗೆ ಉಗ್ರಾಣ ಕಟ್ಟಿದರು. ಅದರ ಹಣ ಸಂದಿತು. ಅದೇ ಸಮಯದಲ್ಲಿ ಅಧಿಕಾರಿಗಳು ಕೇಳಿದರೆಂದು ಕಚ್ಚಾ ರಸ್ತೆ, ಕಚೇರಿ, ಅಡಿಗೆಮನೆ, ಕಾವಲುಗಾರರ ಮತ್ತು ಗುಮಾಸ್ತರ ಕೋಣೆಗಳನ್ನೂ, ಬೇರೊಂದು ಕಡೆ ಇನ್ನಷ್ಟು ಉಗ್ರಾಣಗಳನ್ನೂ ಕಟ್ಟಿದರು. ಇದರ ಹಣ ಮಾತ್ರ ಬರಲಿಲ್ಲ. ಅಧಿಕಾರಿಯ ಕಾಗದವೇನೋ ಇತ್ತು. ಆದರೆ ಆ ಅಧಿಕಾರಿಗೆ ಒಪ್ಪಂದ ಮಾಡುವ ಅಧಿಕಾರವಿರಲಿಲ್ಲ!

ಸುಮಾರು 19,000 ರೂಪಾಯಿಯ ಈ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1961ರ ಡಿಸೆಂಬರಿನಲ್ಲಿ ತೀರ್ಪು ಗುತ್ತಿಗೆದಾರರ ಪರವಾಗಿ ಬಂದಿತು. 1872ರ ಕರಾರು ಕಾಯಿದೆಯ 70ನೆಯ ಪ್ರಕರಣವೇ ಅದಕ್ಕೆ ಆಧಾರ. ಒಬ್ಬನು ನ್ಯಾಯವಾಗಿ, ಧರ್ಮಕ್ಕೆಂದಲ್ಲದೆ, ಇನ್ನೊಬ್ಬರಿಗಾಗಿ ಕೆಲಸ ಮಾಡಿ, ಅವರು ಅದರ ಲಾಭ ಪಡೆದಿದ್ದರೆ, ಅದಕ್ಕೆ ತಕ್ಕ ಪ್ರತಿಫಲ ಕೊಡಲೇಬೇಕು. ನ್ಯಾಯ ಸಿಕ್ಕಿತು, ನಿಜ. ಆದರೆ ಅದಕ್ಕೆ 17 ವರ್ಷ ಹಿಡಿಯಿತು. ನಮ್ಮ ನಿಮ್ಮಂಥವರು 17 ವರ್ಷ ಕಾಯುವುದುಂಟೇ?

ಆದುದರಿಂದ ಹೀಗೆ ಮಾಡಿರಿ

1. ಮೊದಲು ಒಪ್ಪಂದಪತ್ರವನ್ನು ಓದಿರಿ, ಇಲ್ಲವೇ ಓದಿಸಿ ಕೇಳಿರಿ. ಹೆಚ್ಚುವರಿ ಕೆಲಸದ ನಿಯಮ ಅದರಲ್ಲಿದ್ದರೆ ಅದರಂತೆಯೇ ನಡೆಯಬೇಕು. 70ನೆಯ ಪ್ರಕರಣದ ಮಾತು ಆಗ ಬಾರದು.

2. ಯಾವ ಕೆಲಸ, ಎಷ್ಟು ಅಳತೆ, ಯಾವ ದರ ಎಂಬುದನ್ನು ಬರೆದ ಆದೇಶ ಕೈಗೆ ಬರಲಿ. ಸಹಿ ಹಾಕುವವರಿಗೆ ಆ ಅಧಿಕಾರ ಉಂಟೇ ಎಂದು ವಿಚಾರಿಸಿರಿ. ಪಂಚಾಯಿತಿಯ ಕೆಲಸವಾದರೆ ಸಭೆಯ ನಿರ್ಣಯವನ್ನೂ ಕೇಳಿರಿ.

3. ಬಾಯಿಮಾತಿನಲ್ಲಿ ಹೇಳಿದರೆ, ಅದೇ ದಿನ “ತಾವು ಹೀಗೆ ಹೇಳಿದ್ದೀರಿ, ಲಿಖಿತ ಆದೇಶ ಕೊಡಬೇಕು” ಎಂದು ಪತ್ರ ಬರೆದು ಕಚೇರಿಗೆ ಮುಟ್ಟಿಸಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಪಡೆಯಿರಿ.

4. ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮೊದಲೇ ಅಳೆಸಿರಿ. ತಳಪಾಯ ತುಂಬಿದ ಮೇಲೆ ಬಂಡೆ ಇತ್ತೆಂದರೆ ನಂಬುವವರಾರು? ಅಳತೆ ಪುಸ್ತಕದಲ್ಲಿ ಬರೆಸಿರಿ. ದಿನಾಂಕ ಕಾಣುವಂತೆ ಫೋಟೋ ತೆಗೆದಿಡಿರಿ.

5. ಟ್ರ್ಯಾಕ್ಟರಿನವರು ಪ್ರತಿದಿನದ ಲೋಡುಗಳಿಗೆ ಗುತ್ತಿಗೆದಾರನಿಂದ ಸಹಿಯ ಚೀಟಿ ಪಡೆಯಲಿ. ಕೂಲಿಯವರ ಹಾಜರಿಯೂ ಬರಹದಲ್ಲಿರಲಿ.

6. ಅಂತಿಮ ಬಿಲ್ಲಿಗೆ ಸಹಿ ಹಾಕುವ ಮುನ್ನ ಹೆಚ್ಚುವರಿ ಕೆಲಸ ಸೇರಿದೆಯೇ ನೋಡಿರಿ. ಸೇರಿಲ್ಲದಿದ್ದರೆ, ಅದರ ಹಕ್ಕು ಬಿಟ್ಟಿಲ್ಲವೆಂದು ಬರೆದೇ ಸಹಿ ಮಾಡಿರಿ.

7. ಕೇಳಿಕೊಂಡ ಮೇರೆಗೆ ಮಾಡಿದ ಕೆಲಸಕ್ಕೆ ಹಣ ಕೊಡುವ ದಿನ ಗೊತ್ತಾಗಿಲ್ಲದಿದ್ದರೆ, ಕೆಲಸ ಮಾಡಿದಂದಿನಿಂದ 3 ವರ್ಷದೊಳಗೆ ದಾವೆ ಹೂಡಬೇಕು. ಸರ್ಕಾರದ ಮೇಲಿನ ದಾವೆಗೆ ಸಾಮಾನ್ಯವಾಗಿ 2 ತಿಂಗಳ ಮುಂಚೆ ನೋಟೀಸು ಕೊಡಬೇಕು. “ಇಂದು ಬರುತ್ತದೆ, ನಾಳೆ ಬರುತ್ತದೆ” ಎಂದು ಕುಳಿತರೆ ಅವಧಿ ಮೀರುತ್ತದೆ.

ಊರಿನ ಹಿರಿಯರಿಗೂ ಒಂದು ಬಿನ್ನಹ. ಚರಂಡಿ ನಿಮ್ಮ ಮನೆಯ ಮುಂದಕ್ಕೂ ಬರಬೇಕೆಂಬುದು ನ್ಯಾಯವಾದ ಆಸೆಯೇ. ಅದನ್ನು ಅಂದಾಜು ತಯಾರಿಸುವಾಗಲೇ ಗ್ರಾಮಸಭೆಯಲ್ಲಿ ಎದ್ದುನಿಂತು ಹೇಳಿರಿ. ಕೆಲಸ ನಡೆಯುತ್ತಿರುವಾಗ ಗುತ್ತಿಗೆದಾರನ ಮೇಲೆ ಒತ್ತಾಯ ಹೇರಿದರೆ, ಅವನು ಆ ಹತ್ತು ಮಾರಿನ ಖರ್ಚನ್ನು ಉಳಿದ ನೂರು ಮೀಟರಿನ ಸಿಮೆಂಟಿನಲ್ಲಿ ಉಳಿಸಲು ನೋಡಿಯಾನು. ಆಗ ಕೆಡುವುದು ಊರಿನ ಚರಂಡಿಯೇ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮಗೆ ಅನ್ವಯಿಸದಿರಲಿ. ನಿಮ್ಮಲ್ಲಿ ಇಂಥ ಬಿಲ್ಲು ಯಾವುದಾದರೂ ನಿಂತಿದ್ದರೆ, ನಾನು ಊರಿಗೆ ಬಂದಾಗ ಕಾಗದಗಳನ್ನು ತೆಗೆದಿಡಿರಿ. ಕುಳಿತು ನೋಡೋಣ; ಬರೆಯಬೇಕಾದ ಪತ್ರವನ್ನು ಅಲ್ಲಿಯೇ ಬರೆಯೋಣ.

— ನಿಮ್ಮ ಗ್ರಾಮಸೇವಕ