ಸಬ್ ವೂಫರ್ ಎಲ್ಲಿಡಬೇಕು? ಕೋಣೆಯನ್ನೇ ಕೇಳೋಣ



ಹತ್ತನೆಯ ತರಗತಿಯ ಹುಡುಗನೊಬ್ಬ ಒಂದು ದಿನ ಪಾಠ ಮುಗಿದ ಮೇಲೆ ಬಂದು ನಿಂತ. "ಸರ್, ನಮ್ಮ ಮನೆಯ ಸಬ್ ವೂಫರ್ ಹಾಳಾಗಿದೆಯೋ ಅಂತ ಸಂಶಯ. ಅಣ್ಣ ಗಲ್ಫಿನಿಂದ ತಂದದ್ದು. ಅಪ್ಪ ಕೂತಲ್ಲಿಗೆ ಬೇಸ್ ಕೇಳುವುದೇ ಇಲ್ಲ. ಅಡುಗೆಕೋಣೆಯ ಬಾಗಿಲ ಹತ್ತಿರ ಕೂರುವ ಅಜ್ಜಿಗೆ ಮಾತ್ರ ಎದೆ ಬಡಿದ ಹಾಗೆ ಆಗ್ತದೆ. ಅಪ್ಪ ಸೌಂಡ್ ಏರಿಸ್ತಾರೆ, ಅಜ್ಜಿ ಬೈತಾರೆ. ಈಗ ಅದನ್ನು ಮಾರುವುದು ಅಂತ ಮಾತಾಗಿದೆ."

ಒಂದೇ ಪೆಟ್ಟಿಗೆ, ಒಂದೇ ಹಾಡು, ಒಂದೇ ಕೋಣೆ. ಒಬ್ಬರಿಗೆ ಕೇಳುವುದಿಲ್ಲ, ಇನ್ನೊಬ್ಬರಿಗೆ ತಡೆಯಲಾಗುವುದಿಲ್ಲ. ಪೆಟ್ಟಿಗೆ ಹಾಳಾಗಿದ್ದರೆ ಇಬ್ಬರಿಗೂ ಕೇಳಬಾರದಿತ್ತಲ್ಲ? ಭಾನುವಾರ ಅಳತೆ ಟೇಪು ಹಿಡಿದುಕೊಂಡು ಅವರ ಮನೆಗೆ ಹೋದೆ.

ಸಬ್ ವೂಫರಿನ ಕೆಲಸ ಏನು?

ನಮ್ಮ ಕಿವಿಗೆ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಶಬ್ದ ಕೇಳುತ್ತದೆ ಎಂದು ಓದಿದ್ದೀರಿ. ಇದರಲ್ಲಿ ತೀರಾ ಕೆಳಗಿನ ಪಾಲನ್ನು, ಅಂದರೆ ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನದ್ದನ್ನು, ಸಣ್ಣ ಸ್ಪೀಕರುಗಳು ಸರಿಯಾಗಿ ನುಡಿಸಲಾರವು. ಅಷ್ಟು ನಿಧಾನದ ಕಂಪನಕ್ಕೆ ಬಹಳ ಗಾಳಿಯನ್ನು ತಳ್ಳಬೇಕು. ಅದಕ್ಕೆ ದೊಡ್ಡ ಕೋನ್ ಬೇಕು, ಆ ಕೋನ್ ಹಿಂದಕ್ಕೂ ಮುಂದಕ್ಕೂ ಹೆಚ್ಚು ದೂರ ಚಲಿಸಬೇಕು. ಈ ಕೆಲಸಕ್ಕಾಗಿಯೇ ಇರುವ ಪೆಟ್ಟಿಗೆ ಸಬ್ ವೂಫರ್. ಸಿನಿಮಾದ ಗುಡುಗು, ಬೇಸ್ ಗಿಟಾರಿನ ಕೆಳಸ್ವರ ಇದರ ಪಾಲು. ಯಕ್ಷಗಾನದ ಚೆಂಡೆಯ ಚುರುಕು ಪೆಟ್ಟು ಬರುವುದು ಸಣ್ಣ ಸ್ಪೀಕರಿನಿಂದಲೇ.

ಈಗ ಒಂದು ಲೆಕ್ಕ. ಶಬ್ದದ ವೇಗ = ಆವೃತ್ತಿ × ತರಂಗದೂರ. ನಮ್ಮ ಊರಿನ ಬೆಚ್ಚಗಿನ ಗಾಳಿಯಲ್ಲಿ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಹಾಗಾದರೆ 3,450 ಹರ್ಟ್ಸ್ ಶಬ್ದದ ತರಂಗದೂರ 10 ಸೆಂ.ಮೀ., ಒಂದು ಗೇಣಿಗೂ ಕಡಿಮೆ. 40 ಹರ್ಟ್ಸ್ ಶಬ್ದದ್ದು 8.6 ಮೀಟರ್! ಅಲೆ ಕೋಣೆಗಿಂತಲೂ ಉದ್ದ. ಅಪ್ಪ ಅಜ್ಜಿಯ ಜಗಳದ ಮೂಲ ಇರುವುದು ಇಲ್ಲಿ.

ಬೇಸಿನ್‌ನ ನೀರು, ಕೋಣೆಯ ಗಾಳಿ

ಅಗಲವಾದ ಬೇಸಿನ್‌ನಲ್ಲಿ ನೀರು ತುಂಬಿಸಿ, ಎರಡೂ ಕೈಯಲ್ಲಿ ಹಿಡಿದು ಮೆಲ್ಲ ಆಚೆ ಈಚೆ ಅಲ್ಲಾಡಿಸಿ. ಸರಿಯಾದ ತಾಳ ಸಿಕ್ಕಿದ ಕೂಡಲೇ ನೀರು ಎರಡು ತುದಿಗಳಲ್ಲಿ ಎತ್ತರಕ್ಕೆ ಏರಿ ಇಳಿಯುತ್ತದೆ. ಆದರೆ ನಡುವಿನಲ್ಲಿ ನೀರಿನ ಮಟ್ಟ ಹೆಚ್ಚುಕಡಿಮೆ ಇದ್ದ ಹಾಗೆಯೇ ಇರುತ್ತದೆ.

ಕೋಣೆಯ ಗಾಳಿಯೂ ಹೀಗೆಯೇ. ಗೋಡೆಗೆ ಬಡಿದು ಹಿಂದಕ್ಕೆ ಬರುವ ಅಲೆ ಮತ್ತು ಮುಂದಕ್ಕೆ ಹೋಗುವ ಅಲೆ ಸೇರಿ ಸ್ಥಾಯೀ ತರಂಗ ಉಂಟಾಗುತ್ತದೆ. ಗೋಡೆಗಳ ಬಳಿ ಒತ್ತಡದ ಏರಿಳಿತ ಅತಿ ಹೆಚ್ಚು, ನಟ್ಟ ನಡುವೆ ಅತಿ ಕಡಿಮೆ. ಎದುರುಬದುರು ಗೋಡೆಗಳ ನಡುವೆ ಅರ್ಧ ತರಂಗದೂರ ಸರಿಯಾಗಿ ಹಿಡಿಸುವ ಆವೃತ್ತಿಯಲ್ಲಿ ಇದು ಮೊದಲು ಕಾಣಿಸುತ್ತದೆ. ಅಂದರೆ:

ಆವೃತ್ತಿ = 345 ÷ (2 × ಗೋಡೆಗಳ ನಡುವಿನ ದೂರ)

ಆ ಹುಡುಗನ ಮನೆಯ ಹಾಲ್‌ನ ಉದ್ದ 4.3 ಮೀಟರ್, ಅಗಲ 3.3 ಮೀಟರ್. ಉದ್ದಕ್ಕೆ ಲೆಕ್ಕ ಹಾಕಿದರೆ ಸುಮಾರು 40 ಹರ್ಟ್ಸ್, ಅಗಲಕ್ಕೆ ಸುಮಾರು 52. ಟಿವಿ ಇರುವ ಗೋಡೆಯ ಮೂಲೆಯಲ್ಲಿ ಸಬ್ ವೂಫರ್ ಇತ್ತು. ಅಪ್ಪನ ಕುರ್ಚಿ ಕೋಣೆಯ ನಟ್ಟ ನಡುವೆ. ಅಜ್ಜಿ ಕೂರುವುದು ಎದುರಿನ ಗೋಡೆಗೆ ಒರಗಿ. ಮೊಬೈಲಿನ ಟೋನ್ ಜನರೇಟರ್ ಆ್ಯಪ್‌ನಿಂದ 40 ಹರ್ಟ್ಸ್ ನುಡಿಸಿದೆವು. ಅಪ್ಪನ ಕುರ್ಚಿಯಲ್ಲಿ ಶಬ್ದ ಬಹುತೇಕ ಮಾಯ. ಅಜ್ಜಿಯ ಹತ್ತಿರ ಶೋಕೇಸಿನ ಗಾಜು ಗಡಗಡ! ಅಪ್ಪ ನಾಬ್ ಎಷ್ಟು ತಿರುಗಿಸಿದರೂ ಸೊನ್ನೆಯ ಹತ್ತಿರದ್ದು ಸೊನ್ನೆಯ ಹತ್ತಿರವೇ ಉಳಿಯುತ್ತಿತ್ತು. ಏರುತ್ತಿದ್ದದ್ದು ಅಜ್ಜಿಯ ಪಾಲು ಮಾತ್ರ.

ನಮ್ಮ ಹಳೆಯ ಹಂಚಿನ ಮನೆಗಳಲ್ಲಿ ಈ ಕಾಟ ಕಡಿಮೆ. ಹಂಚಿನ ಸಂದಿಯಿಂದಲೂ ತೆರೆದ ಜಗಲಿಯಿಂದಲೂ ಕೆಳಸ್ವರ ಹೊರಗೆ ಹೋಗಿಬಿಡುತ್ತದೆ. ತಾರಸಿ ಮನೆಯ ಕಾಂಕ್ರೀಟು ಮತ್ತು ಕಲ್ಲಿನ ಗೋಡೆ ಅದನ್ನು ಒಳಕ್ಕೇ ತಿರುಗಿಸಿ ಕಳಿಸುತ್ತವೆ.

ಮೊದಲು ಕುರ್ಚಿ, ಆಮೇಲೆ ಪೆಟ್ಟಿಗೆ

ಕುರ್ಚಿಯನ್ನು 75 ಸೆಂ.ಮೀ. ಹಿಂದಕ್ಕೆ, ಒಂದಡಿ ಪಕ್ಕಕ್ಕೆ ಸರಿಸಿದೆವು. ಲೆಕ್ಕದ ಪ್ರಕಾರ ಅಲ್ಲಿ 40 ಹರ್ಟ್ಸ್‌ನ ಒತ್ತಡದ ಏರಿಳಿತ ಗೋಡೆಯ ಬಳಿ ಇರುವುದರ ಸುಮಾರು ಅರ್ಧ. ಸೊನ್ನೆಯಿಂದ ಅರ್ಧಕ್ಕೆ ಬಂದದ್ದು ಒಂದು ರೂಪಾಯಿ ಖರ್ಚಿಲ್ಲದೆ.

ಇನ್ನು ಪೆಟ್ಟಿಗೆಯ ಜಾಗ. ಮೂಲೆಯಲ್ಲಿಟ್ಟರೆ ಶಬ್ದ ಹೆಚ್ಚು ಬರುತ್ತದೆ ನಿಜ, ಆದರೆ ಕೋಣೆಯ ಎಲ್ಲ ಸ್ಥಾಯೀ ತರಂಗಗಳೂ ಒಟ್ಟಿಗೆ ಎದ್ದು ಕೂರುತ್ತವೆ. ಒಂದು ಸ್ವರ ಗುಮ್ಮೆನ್ನುತ್ತದೆ, ಪಕ್ಕದ ಸ್ವರ ಕೇಳುವುದಿಲ್ಲ. ಸರಿಯಾದ ಜಾಗ ಹುಡುಕಲು ಒಂದು ತಮಾಷೆಯ ಉಪಾಯ ಇದೆ. ಕುರ್ಚಿ ತೆಗೆದು ಅದೇ ಜಾಗದಲ್ಲಿ ಸಬ್ ವೂಫರ್ ಇಡಿ. ಬೇಸ್ ಚೆನ್ನಾಗಿರುವ, ನಿಮಗೆ ಬಾಯಿಪಾಠ ಇರುವ ಹಾಡು ಹಾಕಿ. ಈಗ ಗೋಡೆಯ ಬದಿಯಲ್ಲಿ ಮಗುವಿನ ಹಾಗೆ ಅಂಬೆಗಾಲಿಟ್ಟುಕೊಂಡು ಕೋಣೆ ಸುತ್ತಿ. ಎಲ್ಲಿ ಪ್ರತಿಯೊಂದು ಕೆಳಸ್ವರವೂ ಒಂದೇ ಸಮ ಕೇಳುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಪೆಟ್ಟಿಗೆಯನ್ನು ಅಲ್ಲಿಟ್ಟು, ಕುರ್ಚಿಯನ್ನು ಮೊದಲಿನ ಜಾಗಕ್ಕೆ ತನ್ನಿ. ಶಬ್ದ ಹೊರಡುವ ಜಾಗ ಮತ್ತು ಕೇಳುವ ಜಾಗ ಅದಲುಬದಲಾದರೂ ಕೋಣೆ ಮಾಡುವ ಬದಲಾವಣೆ ಅದೇ ಆಗಿರುತ್ತದೆ. ಆದ್ದರಿಂದ ಇದು ಫಲಿಸುತ್ತದೆ. ಹುಡುಗ ಅಂಬೆಗಾಲಿಟ್ಟದ್ದು ನೋಡಿ ಅಜ್ಜಿ ನಕ್ಕದ್ದೇ ನಕ್ಕದ್ದು. ಗುರುತು ಬಿದ್ದದ್ದು ಟಿವಿ ಗೋಡೆಯ ಬದಿಯಲ್ಲೇ, ಮೂಲೆಯಿಂದ ಒಂದು ಮೀಟರ್ ದೂರದಲ್ಲಿ.

ಕೊನೆಗೆ ನಾಬ್‌ಗಳು

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಪ್ರಯೋಗಶಾಲೆಯ ನಿಯಮ ಇಲ್ಲಿಯೂ ಅದೇ.

ಕ್ರಾಸ್‌ಓವರ್: ಯಾವ ಆವೃತ್ತಿಯ ಕೆಳಗೆ ಸಬ್ ವೂಫರ್ ಕೆಲಸ ಮಾಡಬೇಕು ಎಂದು ಹೇಳುವ ನಾಬ್. 80 ಹರ್ಟ್ಸ್‌ನಿಂದ ಆರಂಭಿಸಿ. ಸ್ಪೀಕರುಗಳು ತೀರಾ ಸಣ್ಣವಾದರೆ 100 ಅಥವಾ 120 ಬೇಕಾದೀತು. ಹೆಚ್ಚು ಏರಿಸಿದರೆ ಭಾಗವತರ ದನಿ ಟಿವಿಯ ಕಡೆಯಿಂದ ಬರುವ ಬದಲು ಪೆಟ್ಟಿಗೆಯೊಳಗಿಂದ ಬಂದ ಹಾಗೆ ಕೇಳುತ್ತದೆ. ಹಾಗೆ ಕೇಳಿದರೆ ಇಳಿಸಿ. ತೀರಾ ಕೆಳಸ್ವರ ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಗೊತ್ತಾಗುವುದು ಕಷ್ಟ. ಅಲೆಯ ಉದ್ದದ ಮುಂದೆ ನಮ್ಮ ತಲೆ ಬಹಳ ಸಣ್ಣದು, ಎರಡೂ ಕಿವಿಗೆ ಹೆಚ್ಚುಕಡಿಮೆ ಒಂದೇ ಶಬ್ದ ತಲುಪುತ್ತದೆ.

ಫೇಸ್: ಉಯ್ಯಾಲೆಯನ್ನು ಇಬ್ಬರು ತಳ್ಳುವಾಗ ಒಂದೇ ತಾಳದಲ್ಲಿ ತಳ್ಳಿದರೆ ಅದು ಎತ್ತರಕ್ಕೆ ಹೋಗುತ್ತದೆ. ಒಬ್ಬ ತಳ್ಳುವಾಗ ಇನ್ನೊಬ್ಬ ಎಳೆದರೆ ನಿಂತುಬಿಡುತ್ತದೆ. ಸ್ಪೀಕರ್ ಮತ್ತು ಸಬ್ ವೂಫರ್ ಕೂಡ ಹಾಗೆಯೇ. ಕ್ರಾಸ್‌ಓವರ್ ಇಟ್ಟ ಆವೃತ್ತಿಯ ಟೋನ್ ಹಾಕಿ ನೀವು ಕುರ್ಚಿಯಲ್ಲಿ ಕೂರಿ. ಇನ್ನೊಬ್ಬರು ಸ್ವಿಚ್ಚನ್ನು 0 ಮತ್ತು 180ರ ನಡುವೆ ಬದಲಿಸಲಿ. ಯಾವುದರಲ್ಲಿ ಶಬ್ದ ಜೋರೋ ಅದೇ ಸರಿ.

ವಾಲ್ಯೂಮ್: ಪೂರ್ತಿ ಇಳಿಸಿ, ಮೆಲ್ಲ ಏರಿಸಿ. ಪೆಟ್ಟಿಗೆ ಇದೆ ಎಂದು ಎದ್ದು ಕೇಳತೊಡಗಿದ ಕೂಡಲೇ ಸ್ವಲ್ಪ ಹಿಂದಕ್ಕೆ ತಿರುಗಿಸಿ. ಆಫ್ ಮಾಡಿದರೆ ಏನೋ ಹೋಯಿತು ಅನ್ನಿಸಬೇಕು, ಆನ್ ಇದ್ದಾಗ ಪೆಟ್ಟಿಗೆಯ ನೆನಪೇ ಬರಬಾರದು.

ಸಣ್ಣ 2.1 ಸೆಟ್ಟುಗಳಲ್ಲಿ ಬೇಸ್ ಮತ್ತು ವಾಲ್ಯೂಮ್ ನಾಬ್ ಮಾತ್ರ ಇರುತ್ತವೆ. ಬೇಸರ ಬೇಡ. ಅರ್ಧಕ್ಕಿಂತ ಹೆಚ್ಚು ಕೆಲಸ ಜಾಗ ಬದಲಿಸುವುದರಲ್ಲೇ ಮುಗಿದಿರುತ್ತದೆ.

ಎರಡು ಎಚ್ಚರಿಕೆ. ಟೋನ್ ಹಾಕುವಾಗ ಸೌಂಡ್ ಕಡಿಮೆ ಇರಲಿ, ಒಂದೇ ಸ್ವರ ಜೋರಾಗಿ ಬಹಳ ಹೊತ್ತು ನುಡಿಸಿದರೆ ಸ್ಪೀಕರಿನ ಕಾಯಿಲ್ ಸುಟ್ಟೀತು. ಹಾಡು ಇಲ್ಲದಾಗಲೂ 'ಹೂಂ' ಎಂಬ ಸದ್ದು ಬಂದರೆ ಅದು ಹೆಚ್ಚಾಗಿ ಮನೆಯ ವಿದ್ಯುತ್ತಿನ 50 ಹರ್ಟ್ಸ್‌ನ ನಂಟು. ಕೇಬಲ್ ಸಡಿಲವಿದೆಯೋ ಎಂದು ದೊಡ್ಡವರ ಹತ್ತಿರ ನೋಡಿಸಿ. ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ತ್ ಪಿನ್ ಮಾತ್ರ ಯಾವತ್ತೂ ತೆಗೆಯಬೇಡಿ. ಅದು ಜೀವ ಉಳಿಸುವ ಪಿನ್.

ಗೋಡೆಯಾಚೆಯವರು

ಏರುಸ್ವರವನ್ನು ಗೋಡೆ ಚೆನ್ನಾಗಿ ತಡೆಯುತ್ತದೆ, ಕೆಳಸ್ವರವನ್ನು ಅಷ್ಟು ತಡೆಯದು. ಆದ್ದರಿಂದ ನೆರೆಮನೆಯವರಿಗೆ ನಿಮ್ಮ ಹಾಡು ಕೇಳುವುದಿಲ್ಲ, ಬರೀ ದಢ್ ದಢ್ ಕೇಳುತ್ತದೆ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ನಿಯಮ ಹಾಗಿರಲಿ, ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಗು ಇರಬಹುದು.

ಆ ಹುಡುಗನ ಮನೆಯಲ್ಲಿ ಈಗ ಬೇಸ್ ನಾಬ್ ಮುಕ್ಕಾಲಿನಿಂದ ಕಾಲಿಗೆ ಇಳಿದಿದೆ. ಅಪ್ಪನಿಗೆ ಕೇಳುತ್ತದೆ, ಆದ್ದರಿಂದ ಏರಿಸುವುದಿಲ್ಲ. ಅವರು ಏರಿಸದ ಕಾರಣ ಅಜ್ಜಿಗೆ ನೆಮ್ಮದಿ. ಪೆಟ್ಟಿಗೆ ಮಾರುವ ಮಾತು ನಿಂತಿದೆ.

ನೀವೇ ಮಾಡಿ ನೋಡಿ

ಸಬ್ ವೂಫರ್ ಬೇಕಾಗಿಲ್ಲ. ಶಾಲೆಯ ಹೊರಗೋಡೆಯ ಕಡೆಗೆ ಮುಖ ಮಾಡಿ 3–4 ಮೀಟರ್ ದೂರದಲ್ಲಿ ಒಂದು ಸಣ್ಣ ಬ್ಲೂಟೂತ್ ಸ್ಪೀಕರ್ ಇಡಿ. 345 ಹರ್ಟ್ಸ್ ಟೋನ್ ಹಾಕಿ. ಒಂದು ಕಿವಿ ಮುಚ್ಚಿಕೊಂಡು ಗೋಡೆಯಿಂದ ಮೆಲ್ಲ ಹಿಂದಕ್ಕೆ ಬನ್ನಿ. ಗೋಡೆಯಿಂದ ಸುಮಾರು 25 ಸೆಂ.ಮೀ., 75 ಸೆಂ.ಮೀ., 125 ಸೆಂ.ಮೀ. ದೂರಗಳಲ್ಲಿ ಶಬ್ದ ಮಂದವಾಗಬೇಕು. ಅಕ್ಕಪಕ್ಕದ ಎರಡು ಮಂದ ಜಾಗಗಳ ದೂರವನ್ನು ಮೀಟರಿನಲ್ಲಿ ಅಳೆದು, ಅದನ್ನು 2ರಿಂದಲೂ ಆವೃತ್ತಿಯಿಂದಲೂ ಗುಣಿಸಿ. ಶಬ್ದದ ವೇಗ ನಿಮ್ಮ ಪುಸ್ತಕದಲ್ಲೇ ಸಿಗುತ್ತದೆ, ಆದರೆ ಈ ಸಲ ಅದು ನೀವೇ ಅಳೆದದ್ದು.